ಮಾನವ ಹಕ್ಕುಗಳ ಆಯೋಗವೂ ಬಿಡುವಿನ ಒಂದು ದಿನವೂ

(ಶ್ರೀಮಠದ ಮಹೋತ್ಸವದ ನಿಮಿತ್ತ ಸಾವಳಗಿಯಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಹೋತ್ಸವದಲ್ಲಿ ಪಾಠಶಾಲೆಯ ಶಾಸ್ತ್ರಿಯಾದವನು ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ಕುರಿತು ಮಾತನಾಡುವುದು ರೂಢಿ. ನಾನಾದರೋ ಇಂದು ಸರಕಾರದ ಒಂದು ಸಂಸ್ಥೆಯ ವಿಷಯವನ್ನು ತಮ್ಮ ಮುಂದೆ ಇಡಬಯಸುವೆನು. ಅದು ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ. ಮಠದಲ್ಲಿ ಈ ಮಾತೇಕೆಂದು ಯಾರಾದರೂ ಕೇಳಿಯಾರು. ದಾಸೋಹದ ಪಂಕ್ತಿಯಲ್ಲಿ ಮೇಲು ಕೀಳಿಲ್ಲವೆಂದು ನಾವು ಹೇಳುತ್ತೇವಷ್ಟೆ. ಪಂಕ್ತಿಯಿಂದೆದ್ದು ಹೊಲಕ್ಕೂ ಕಚೇರಿಗೂ ಪೊಲೀಸ ಠಾಣೆಗೂ ಹೋದಲ್ಲಿ ಆ ಮಾತು ಉಳಿಯುವುದೋ ಇಲ್ಲವೋ ಎಂದು ನೋಡುವ ಹೊಣೆಯೂ ಹೇಳಿದವರಿಗೇ ಸೇರಿದುದು.

1948ನೆಯ ವರ್ಷವು ಈ ಸೀಮೆಯ ಚರಿತ್ರೆಯಲ್ಲಿ ದೊಡ್ಡದು. ಆ ವರ್ಷ ಜಮಖಂಡಿ ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅರಸರ ಪ್ರಜೆಗಳಾಗಿದ್ದ ನಮ್ಮ ಹಿರಿಯರು ಸ್ವತಂತ್ರ ದೇಶದ ನಾಗರಿಕರಾದರು. ಅದೇ ವರ್ಷದ ಡಿಸೆಂಬರ 10ರಂದು ಪ್ಯಾರಿಸ್ ನಗರದಲ್ಲಿ ಸೇರಿದ ವಿಶ್ವಸಂಸ್ಥೆಯ ಮಹಾಸಭೆಯು 30 ಅನುಚ್ಛೇದಗಳುಳ್ಳ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ ಕರಡಿನಲ್ಲಿ ಪುರುಷವಾಚಕ ಪದವಿದ್ದ ಮೊದಲ ಅನುಚ್ಛೇದವು ಮಾನವರೆಲ್ಲರನ್ನೂ ಒಳಗೊಳ್ಳುವಂತೆ ತಿದ್ದಿಸಿದವರು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹತಾ ಎಂಬ ಮಹಿಳೆ. ಎರಡು ವರ್ಷಗಳೊಳಗೆ ನಮ್ಮ ಸಂವಿಧಾನವೂ ಜಾರಿಗೆ ಬಂದು, ತನ್ನ 17ನೆಯ ಅನುಚ್ಛೇದದಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 23ನೆಯದರಿಂದ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು.

ಹೀಗೆ ಹಕ್ಕುಗಳೇನೋ ಬರೆಯಲ್ಪಟ್ಟವು. ಆದರೆ ರಕ್ಷಿಸಬೇಕಾದ ಅಧಿಕಾರಿಯೇ ಭಕ್ಷಿಸಿದರೆ ಬಡವನು ಯಾರ ಬಾಗಿಲಿಗೆ ಹೋಗಬೇಕು? ನ್ಯಾಯಾಲಯವುಂಟು, ಆದರೆ ವಕೀಲರಿಗೆ ಕೊಡಲು ಹಣವೂ ಕಾಯಲು ಆಯುಷ್ಯವೂ ಬೇಕು. ಈ ಕೊರತೆಯನ್ನು ನೀಗಲು 1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಹುಟ್ಟಿತು. ಆ ವರ್ಷದ ಅಕ್ಟೋಬರದಲ್ಲಿಯೇ ದಿಲ್ಲಿಯಲ್ಲಿ ರಾಷ್ಟ್ರೀಯ ಆಯೋಗವು ಸ್ಥಾಪಿತವಾಯಿತು. ರಾಜ್ಯಗಳೂ ತಮ್ಮ ಆಯೋಗವನ್ನು ರಚಿಸಬಹುದೆಂದು ಕಾಯಿದೆ ಹೇಳಿತು. ಕರ್ನಾಟಕದ ಆಯೋಗವು ನ್ಯಾಯಮೂರ್ತಿ ಎಸ್. ಆರ್. ನಾಯಕ್ ಅವರ ಅಧ್ಯಕ್ಷತೆಯಲ್ಲಿ ಕೆಲಸಕ್ಕೆ ತೊಡಗಿದ್ದು 2007ರಲ್ಲಿ. ಕಾಯಿದೆಗೂ ಅದಕ್ಕೂ ನಡುವೆ 14 ವರ್ಷಗಳು ಕಳೆದುಹೋದವು.

ಇದರ ಕಾರ್ಯಕ್ರಮವನ್ನು ಎಲ್ಲರೂ ತಿಳಿದಿರಬೇಕು. ಸರಕಾರಿ ನೌಕರನು ಯಾರದಾದರೂ ಹಕ್ಕನ್ನು ಮುರಿದರೆ, ಅಥವಾ ಇತರರು ಮುರಿಯುತ್ತಿರುವಾಗ ತಡೆಯದೆ ಉದಾಸೀನನಾಗಿ ಕುಳಿತರೆ, ಆಯೋಗಕ್ಕೆ ಅರ್ಜಿ ಕೊಡಬಹುದು. ನೊಂದವನೇ ಕೊಡಬೇಕೆಂದಿಲ್ಲ, ಅವನ ಪರವಾಗಿ ಬೇರೊಬ್ಬರೂ ಕೊಡಬಹುದು. ಕನ್ನಡದಲ್ಲಿಯೇ ಬರೆಯಬಹುದು, ಶುಲ್ಕವಿಲ್ಲ, ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಘಟನೆ ನಡೆದು ಒಂದು ವರ್ಷ ಮೀರಿರಬಾರದು. ಪತ್ರಿಕೆಯಲ್ಲಿ ಓದಿದ ಸಂಗತಿಯ ಮೇಲಿಂದ ಆಯೋಗವು ತಾನಾಗಿಯೂ ವಿಚಾರಣೆ ಕೈಕೊಳ್ಳಬಹುದು. ಸಾಕ್ಷಿಗಳನ್ನು ಕರೆಸುವಲ್ಲಿ ಅದಕ್ಕೆ ದಿವಾಣಿ ನ್ಯಾಯಾಲಯದ ಅಧಿಕಾರವುಂಟು. ಸೆರೆಮನೆಗಳನ್ನು ಹೊಕ್ಕು ನೋಡುವ ಅಧಿಕಾರವೂ ಉಂಟು.

ಅದರ ಮಿತಿಯನ್ನೂ ಮುಚ್ಚಿಡಬಾರದು. ಆಯೋಗವು ತಾನೇ ಯಾರನ್ನೂ ಶಿಕ್ಷಿಸಲಾರದು. ನೊಂದವರಿಗೆ ಪರಿಹಾರ ಕೊಡಿರಿ, ತಪ್ಪಿತಸ್ಥರ ಮೇಲೆ ಮೊಕದ್ದಮೆ ಹೂಡಿರಿ ಎಂದು ಸರಕಾರಕ್ಕೆ ಶಿಫಾರಸು ಮಾಡುವುದು. ಸರಕಾರವು ಒಂದು ತಿಂಗಳೊಳಗೆ ತನ್ನ ಅಭಿಪ್ರಾಯವನ್ನು ತಿಳಿಸತಕ್ಕದ್ದು. ಹೀಗಿರುವಾಗ ಆ ಶಿಫಾರಸಿನ ಬೆನ್ನಿಗೆ ತಿಳಿದ ಜನರ ಕಣ್ಣಿಲ್ಲದಿದ್ದರೆ ಅದು ಕಡತದಲ್ಲಿಯೇ ನಿದ್ರಿಸೀತು.

ಆಯೋಗವಿರುವುದು ಬೆಂಗಳೂರಿನಲ್ಲಿ. ಸಾವಳಗಿಯಿಂದ ಅಲ್ಲಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿ. ಅದಕ್ಕಿಂತ ದೂರವಾದುದು ಅರಿವಿನ ದಾರಿ. ಈ ಜಮಖಂಡಿ ಮುಧೋಳ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿ ಬಲವಾಗಿದ್ದಿತು. 1982ರ ಕಾಯಿದೆಯೇ ಅದನ್ನು ನಿಷೇಧಿಸಿದರೂ, ಆ ತಾಯಂದಿರು ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮಕ್ಕಳ ತಂದೆಯ ಹೆಸರೇನೆಂಬ ಪ್ರಶ್ನೆಗೆ ತಲೆತಗ್ಗಿಸಿ ನಿಲ್ಲಬೇಕಾಯಿತು. ಹಾಗೆ ನಿಂತವಳಿಗೆ, ತನ್ನನ್ನು ಅವಮಾನಿಸಿದ ಅಧಿಕಾರಿಯ ಮೇಲೆ ಅರ್ಜಿ ಕೊಡಬಹುದೆಂದು ಯಾರು ಹೇಳಬೇಕು?

ಇನ್ನೊಂದು ಮಾತು ನಮ್ಮಲ್ಲಿ ಕೆಲವರಿಗೆ ರುಚಿಸದಿರಬಹುದು. ಕೃಷ್ಣೆಯ ನೀರು ಹರಿದು ಈ ಭೂಮಿ ಕಬ್ಬಿನ ಸೀಮೆಯಾಯಿತು. ಭಕ್ತರಲ್ಲಿ ಅನೇಕರು ಹೊಲದೊಡೆಯರು; ಕಡಿಯಲು ಬರುವವರಿಗೆ ಮುಂಗಡ ಕೊಡುವುದುಂಟು. ಕೊಟ್ಟ ಮುಂಗಡವನ್ನು ಕೇಳುವುದು ದೋಷವಲ್ಲ. ಆದರೆ ಅದು ತೀರುವತನಕ ಆಳು ಬೇರೆಲ್ಲಿಗೂ ಹೋಗಕೂಡದೆಂದು ತಡೆದರೆ ಅದಕ್ಕೆ ಜೀತವೆಂದೇ ಹೆಸರು. 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಪ್ರಕಾರ ಅಂತಹ ಸಾಲವೇ ಅಳಿದುಹೋಗುತ್ತದೆ. ತಡೆದವನು ಶಿಕ್ಷೆಗೆ ಪಾತ್ರನಾಗುತ್ತಾನೆ. ತಿಳಿದೂ ಸುಮ್ಮನಿದ್ದ ಅಧಿಕಾರಿಯು ಆಯೋಗದ ಮುಂದೆ ಉತ್ತರ ಕೊಡಬೇಕಾಗುತ್ತದೆ. ಕೊರಳಲ್ಲಿ ಲಿಂಗವನ್ನು ಧರಿಸಿ, ಪರರ ಬೆವರನ್ನು ಹಿಡಿದಿಟ್ಟುಕೊಂಡು, ಕಾಯಕವೇ ಕೈಲಾಸವೆನ್ನುವುದು ನಮಗೆ ಒಪ್ಪುವುದೇ? ಪ್ರತಿಯೊಬ್ಬರೂ ತಮ್ಮ ಹೊಲದ ಬದುವಿನಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಲಿ.

ಇನ್ನು ದಿನದ ವಿಚಾರ. 1950ರಲ್ಲಿ ವಿಶ್ವಸಂಸ್ಥೆಯು ಡಿಸೆಂಬರ 10ನ್ನು ಮಾನವ ಹಕ್ಕುಗಳ ದಿನವಾಗಿ ಆಚರಿಸಲು ಎಲ್ಲ ರಾಷ್ಟ್ರಗಳನ್ನೂ ಕರೆಯಿತು. ನಮ್ಮಲ್ಲಿ ಅದು ಸರಕಾರಿ ರಜೆಯ ದಿನವಲ್ಲ. ರಜೆ ಇರಬೇಕೆಂಬುದು ಒಂದು ಪಕ್ಷ. ನನಗೆ ತೋರುವುದೇನೆಂದರೆ, ಅಂದು ಕಚೇರಿಗಳ ಬಾಗಿಲು ಮುಚ್ಚಿದರೆ ಅರ್ಜಿ ತಂದವನು ಹಿಂದಿರುಗಬೇಕಾದೀತು. ಶಾಲೆ ಮುಚ್ಚಿದರೆ ಮಕ್ಕಳು ಆ ದಿನದ ಅರ್ಥವನ್ನೇ ಕೇಳದೆ ಹೋದಾರು. ಆದಕಾರಣ ಕಚೇರಿಗಳೂ ಶಾಲೆಗಳೂ ತೆರೆದಿರಲಿ. ಬಿಡುವು ಬೇಕಾದುದು ಕೂಲಿಯಾಳಿಗೆ. ಅದನ್ನು ಕೊಡಲು ಸರಕಾರದ ಆಜ್ಞೆಯನ್ನು ಕಾಯಬೇಕಾದುದಿಲ್ಲ.

ಇದಕ್ಕೆ ನಮ್ಮಲ್ಲಿಯೇ ಮೇಲ್ಪಂಕ್ತಿಯುಂಟು. 1913ರಲ್ಲಿ ದಾವಣಗೆರೆಯ ವಿರಕ್ತಮಠದಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದಾಗ ಯಾವ ಸರಕಾರವೂ ಅದಕ್ಕೆ ರಜೆ ಕೊಟ್ಟಿರಲಿಲ್ಲ. ಒಂದು ಮಠದಂಗಳದಲ್ಲಿ ಮೊದಲಾದುದು ನಾಡಿನಲ್ಲೆಲ್ಲ ಹಬ್ಬಿ, ಸರಕಾರಿ ರಜೆಯಾಗಿ, 2024ರಲ್ಲಿ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಸರಕಾರವು ಘೋಷಿಸುವವರೆಗೆ ಬಂದಿತು. ಆಯೋಗವನ್ನು ಸ್ಥಾಪಿಸುವುದು ಸರಕಾರದಿಂದಲೇ ಆಗಬೇಕಾದ ಕೆಲಸ. ದಿನವನ್ನು ಸ್ಥಾಪಿಸುವುದು ನಮ್ಮಿಂದ ಆಗಬಲ್ಲುದು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಒಂದು ನೇಮವನ್ನು ಕೈಕೊಳ್ಳೋಣ. ಪ್ರತಿ ವರ್ಷ ಡಿಸೆಂಬರ 10ರಂದು ಹೊಲದೊಡೆಯರಾದ ಭಕ್ತರು ತಮ್ಮ ಆಳುಗಳಿಗೆ ಕೂಲಿಸಹಿತವಾಗಿ ಬಿಡುವು ಕೊಡಲಿ. ಅಂದು ಮಠದ ಅಂಗಳದಲ್ಲಿ ಸಂವಿಧಾನದ ಪೀಠಿಕೆಯನ್ನು ಕನ್ನಡದಲ್ಲಿ ಓದಿ, ಅಕ್ಷರ ಬಲ್ಲ ತರುಣರು ಚಾಪೆ ಹಾಸಿ ಕುಳಿತು, ಬಾರದವರ ಅಹವಾಲನ್ನು ಕೇಳಿ ಅರ್ಜಿ ಬರೆದುಕೊಡಲಿ. ಬರೆದುದನ್ನು ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸಲಿ. ಅರ್ಜಿಯು ನಮ್ಮವರ ಮೇಲೆಯೇ ಇದ್ದರೂ ಲೇಖನಿ ತಡೆಯದಿರಲಿ. ಆ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸೋಣ.