ಕೊಡಗಿನ ಗೌರಮ್ಮನವರು: ಆಟ, ಓಲೆ, ಗೆಳೆತನ



ಗತಿಸಿದವರನ್ನು ಸ್ಮರಿಸುವುದರಲ್ಲಿ ನಮ್ಮ ಜನಕ್ಕೆ ಒಂದು ರೂಢಿಯುಂಟು. ಗತಿಸಿದವರು ಪುರುಷರಾದರೆ ಅವರು ವಹಿಸಿದ ಅಧಿಕಾರ, ಪಡೆದ ಬಿರುದು, ಕಟ್ಟಿಸಿದ ಛತ್ರ ಇವುಗಳನ್ನು ಎಣಿಸುವೆವು. ಸ್ತ್ರೀಯಾದರೆ ಪತಿಭಕ್ತಿ, ತಾಳ್ಮೆ, ಅತಿಥಿಸತ್ಕಾರ ಎಂಬ ಮೂರು ಮಾತುಗಳಲ್ಲಿ ಮುಗಿಸಿಬಿಡುವೆವು. ಆಕೆಗೆ ಯಾವ ಆಟ ಪ್ರಿಯವಾಗಿತ್ತು, ಬಿಡುವು ದೊರೆತಾಗ ಏನು ಮಾಡುತ್ತಿದ್ದಳು, ಯಾರಿಗೆ ಓಲೆ ಬರೆಯುತ್ತಿದ್ದಳು ಎಂಬುದು ಚರಿತ್ರೆಗೆ ಸೇರತಕ್ಕ ವಿಷಯವಲ್ಲವೆಂದು ನಾವು ಬಗೆದಿದ್ದೇವೆ. ಆದರೆ ಒಂದು ಜೀವವನ್ನು ನಿಜವಾಗಿ ಪ್ರೀತಿಸಿದವರ ಮನಸ್ಸಿನಲ್ಲಿ ಕಡೆಯವರೆಗೆ ನಿಲ್ಲುವುದು ಇಂಥ ವಿಷಯಗಳೇ. ಈ ದೃಷ್ಟಿಯಿಂದ ಇಂದು ನಾವು ಕನ್ನಡದ ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ನಾವು ಘಟ್ಟದ ಕೆಳಗಿನವರು. ಬೆಳ್ತಂಗಡಿ ಸೀಮೆಯ ಮಡಂತ್ಯಾರಿನ ಕಡೆಯವರು. ನಮ್ಮಲ್ಲಿಂದ ಹೊರಟು ಪುತ್ತೂರು, ಸುಳ್ಯಗಳನ್ನು ಹಾದು ಸಂಪಾಜೆಯ ಘಟ್ಟವನ್ನೇರಿದರೆ ಮಡಿಕೇರಿ ಸಿಕ್ಕುತ್ತದೆ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಸುಳ್ಯದ ಸೀಮೆಯು ಕೊಡಗಿನ ಅರಸರಿಗೇ ಸೇರಿದ್ದಿತು. ಆದುದರಿಂದ ಆ ಬೆಟ್ಟದ ನಾಡು ನಮಗೆ ಪರದೇಶವಲ್ಲ, ನೆರೆಮನೆ. ಆ ನೆರೆಮನೆಯ ಹೆಣ್ಣುಮಗಳೊಬ್ಬಳ ನೆನಪು ನಮಗೆ ಪ್ರಿಯವಾಗಿರುವುದು ಸಹಜವೇ ಆಗಿದೆ.

ಗೌರಮ್ಮನವರು ಹುಟ್ಟಿದ್ದು 1912ರಲ್ಲಿ, ಮಡಿಕೇರಿಯಲ್ಲಿ. ತಂದೆ ಎನ್. ಎಸ್. ರಾಮಯ್ಯನವರು, ತಾಯಿ ನಂಜಮ್ಮನವರು. ಬಿ. ಟಿ. ಗೋಪಾಲಕೃಷ್ಣರವರನ್ನು ಕೈಹಿಡಿದು, ಸೋಮವಾರಪೇಟೆಯ ಕಡೆಯ ಗುಂಡುಗುತ್ತಿಯ ಕಾಫಿ ತೋಟದಲ್ಲಿ ಸಂಸಾರ ಹೂಡಿದರು. ಒಬ್ಬ ಮಗನ ತಾಯಿಯಾದರು. 1939ನೆಯ ಇಸವಿ ಏಪ್ರಿಲ್ 13ರಂದು, ತಮ್ಮ ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಹೊಳೆಯ ಸುಳಿಗೆ ಸಿಕ್ಕಿ ತೀರಿಕೊಂಡರು. ಇಷ್ಟು ಚಿಕ್ಕ ಬಾಳಿನಲ್ಲಿ ಅವರು ಬರೆದ ಕಥೆಗಳು ಇಪ್ಪತ್ತರ ಆಸುಪಾಸಿನಲ್ಲಿವೆ. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿ ಅವು ಸೇರಿವೆ.

ಕಾಫಿ ತೋಟದ ಮನೆಯ ಸ್ಥಿತಿಯನ್ನು ಬಲ್ಲವರು ಬಲ್ಲರು. ಮಾರ್ಚಿ ಏಪ್ರಿಲ್‌ಗಳಲ್ಲಿ ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗೆ ಅರಳಿದಾಗ ಅದಕ್ಕಿಂತ ಸುಂದರವಾದ ಸ್ಥಳವು ಬೇರೆ ಇಲ್ಲವೆನಿಸುತ್ತದೆ. ಆದರೆ ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಸಿಲಿನ ಮುಖ ಕಾಣದು. ಮನೆಯಿಂದ ಮನೆಗೆ ದೂರ. ಸಂಜೆಯಾದರೆ ಜೀರುಂಡೆಯ ದನಿಯ ಹೊರತು ಬೇರೆ ಸದ್ದಿಲ್ಲ. ಅಂಥ ಕಡೆ ಎಳೆಯ ವಯಸ್ಸಿನ ಗೃಹಿಣಿಯೊಬ್ಬಳು ಮನಸ್ಸನ್ನು ಬಾಡಗೊಡದೆ ಇರುವುದು ಸಾಮಾನ್ಯವಾದ ಕೆಲಸವೇನಲ್ಲ. ಗೌರಮ್ಮನವರು ಅದನ್ನು ಸಾಧಿಸಿದರು. ಟೆನ್ನಿಸ್ ಆಡಿದರು. ಹೊಳೆಯಲ್ಲಿ ಈಜಿದರು. ಪುಸ್ತಕ ಓದಿದರು, ಕಥೆ ಬರೆದರು. ಹತ್ತೊಂಬತ್ತುನೂರ ಮೂವತ್ತರ ದಶಕದಲ್ಲಿ, ಬ್ರಾಹ್ಮಣ ಮನೆತನದ ಸೊಸೆಯೊಬ್ಬಳು ಚೆಂಡಾಟದ ಬ್ಯಾಟನ್ನು ಕೈಯಲ್ಲಿ ಹಿಡಿದು ಬಯಲಿಗಿಳಿಯುವುದೆಂದರೆ ಏನೆಂಬುದನ್ನು ನಮ್ಮ ಅಜ್ಜಿಯರ ಕಾಲದ ಕಥೆಗಳನ್ನು ಕೇಳಿದವರು ಊಹಿಸಿಕೊಳ್ಳಬಲ್ಲರು.

ಹವ್ಯಾಸವೆಂಬುದು ಹೊತ್ತುಗಳೆಯುವವರ ಸೋಮಾರಿತನವೆಂದು ಕೆಲವರು ಭಾವಿಸುವರು. ಈ ಮಾತನ್ನು ಬಾನುಲಿಯ ಶ್ರೋತೃಗಳಾದರೂ ಒಪ್ಪಲಾಗದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಮೂವತ್ತು ವಾಟಿನ ಒಂದು ಪುಟ್ಟ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಪ್ರಸಾರವನ್ನು ಆರಂಭಿಸಿದರಷ್ಟೆ. ‘ಆಕಾಶವಾಣಿ’ ಎಂಬ ಹೆಸರು ಪ್ರಸಿದ್ಧಿಗೆ ಬಂದುದು ಆ ಯತ್ನದಿಂದ. ಅದೂ ಒಬ್ಬರ ಹವ್ಯಾಸವೇ. ಯಾರೂ ಆಜ್ಞೆ ಮಾಡದಿದ್ದರೂ ಮನಸ್ಸು ತಾನಾಗಿ ಒಲಿದು ಮಾಡಿದ ಕೆಲಸದಲ್ಲಿ ಮನುಷ್ಯನ ನಿಜವಾದ ಸ್ವಭಾವವು ಕಾಣುತ್ತದೆ. ಗೌರಮ್ಮನವರ ಆಟ, ಈಜುಗಳನ್ನೂ ಹಾಗೆಯೇ ನೋಡಬೇಕು.

ಇನ್ನು ಅವರ ಸ್ನೇಹಗಳ ವಿಷಯ. ಕವಿ ದ. ರಾ. ಬೇಂದ್ರೆಯವರು ಅವರಿಗಿಂತ ಹದಿನಾರು ವರ್ಷ ಹಿರಿಯರು; ಧಾರವಾಡದವರು. ಆ ಕಾಲಕ್ಕೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದರೆ, ಕೊಡಗು ಚೀಫ್ ಕಮಿಷನರರ ಆಳ್ವಿಕೆಯಲ್ಲಿದ್ದಿತು. ನಮ್ಮ ಕರಾವಳಿ ಮದರಾಸಿಗೆ, ಮೈಸೂರು ಮಹಾರಾಜರಿಗೆ. ಕನ್ನಡಿಗರೆಲ್ಲ ಒಂದು ರಾಜ್ಯದಡಿ ಬಂದುದು 1956ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಗುಂಡುಗುತ್ತಿಯ ತೋಟದ ಮನೆಗೂ ಧಾರವಾಡಕ್ಕೂ ನಡುವೆ ಅಣ್ಣತಂಗಿಯರ ಬಾಂಧವ್ಯವೊಂದು ಬೆಳೆದಿದ್ದಿತು. ರಕ್ತಸಂಬಂಧವಿಲ್ಲ, ಒಂದೇ ಊರಲ್ಲ, ಒಂದೇ ಸರಕಾರವೂ ಅಲ್ಲ. ಒಂದೇ ಎಂಬುದು ಕನ್ನಡ ಮಾತ್ರ. ಧಾರವಾಡದ ಸಾಹಿತಿ ದ. ಬಾ. ಕುಲಕರ್ಣಿಯವರೂ ಹೀಗೆಯೇ ಅವರ ಆತ್ಮೀಯ ಗೆಳೆಯರಾದರು. ಅವರಿಗೆ ಗೌರಮ್ಮನವರು ಪತ್ರಗಳನ್ನು ಬರೆಯುತ್ತಿದ್ದರು.

ವಿವಾಹಿತ ಸ್ತ್ರೀಯೊಬ್ಬಳು ಪರಪುರುಷರೊಡನೆ ಸಾಹಿತ್ಯದ ಸ್ನೇಹವನ್ನಿಟ್ಟುಕೊಳ್ಳುವುದು ಅಂದಿನ ಸಮಾಜದಲ್ಲಿ ಸುಲಭವಾದ ಸಂಗತಿಯಾಗಿರಲಿಲ್ಲ. ಆ ಸ್ನೇಹವು ಮನೆಯವರ ಕಣ್ಣೆದುರಿನಲ್ಲಿ ನಿರ್ಮಲವಾಗಿ ನಡೆದುಬಂದಿತೆಂಬುದು ಗೌರಮ್ಮನವರಿಗೂ ಗೌರವ, ಅವರ ಪತಿಗೂ ಗೌರವ. ಮನೆಯಾಕೆಗೆ ಮನೆಯಾಚೆಗೂ ಗೆಳೆಯರಿರಬಹುದೆಂದು ತಿಳಿದ ಗಂಡಸರು ಆ ದಿನಗಳಲ್ಲಿ ಹೆಚ್ಚಾಗಿರಲಿಲ್ಲ.

ಗೌರಮ್ಮನವರ ಸ್ವಭಾವವನ್ನು ತೋರಿಸುವ ಇನ್ನೊಂದು ಪ್ರಸಂಗ ಪ್ರಸಿದ್ಧವಾದದ್ದು. 1934ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರು ಹರಿಜನೋದ್ಧಾರದ ಪ್ರವಾಸವಾಗಿ ಕೊಡಗಿಗೆ ಬಂದರು. ಗುಂಡುಗುತ್ತಿಯ ಮಂಜುನಾಥಯ್ಯನವರಲ್ಲಿ ತಂಗಿದರು. ತಮ್ಮ ಮನೆಗೂ ಅವರು ಬರಬೇಕೆಂದು ಗೌರಮ್ಮನವರ ಹಂಬಲ. ಮಹಾತ್ಮರಿಗೋ ಕಾಲವಿಲ್ಲ. ಗೌರಮ್ಮನವರು ಊಟ ಬಿಟ್ಟು ಕುಳಿತರು! ಉಪವಾಸವನ್ನು ಜಗತ್ತಿಗೆಲ್ಲ ಕಲಿಸಿದ ಗುರುವಿಗೆ ಉಪವಾಸದಿಂದಲೇ ಉತ್ತರ ಕೊಟ್ಟ ಈ ಧೈರ್ಯಕ್ಕೆ ಏನೆನ್ನೋಣ? ಗಾಂಧಿಯವರು ಬಂದರು. ಗೌರಮ್ಮನವರು ತಮ್ಮ ಚಿನ್ನದ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸಿನ ವಯಸ್ಸು. ಹಠದಲ್ಲಿಯೂ ಒಂದು ಆಟದ ಗುಣ, ಕೊಡುವುದರಲ್ಲಿಯೂ ಒಂದು ಉಲ್ಲಾಸ. ಇವೆರಡೂ ಈ ಒಂದು ಪ್ರಸಂಗದಲ್ಲಿ ಕೂಡಿಕೊಂಡಿವೆ.

ಇಷ್ಟು ಲವಲವಿಕೆಯ ಜೀವ ಬರೆದ ಕಥೆಗಳಾದರೋ ದುಃಖದ ಕಥೆಗಳು. ‘ಅಪರಾಧಿ ಯಾರು’, ‘ವಾಣಿಯ ಸಮಸ್ಯೆ’, ‘ಆಹುತಿ’, ಈ ಹೆಸರುಗಳೇ ಅದನ್ನು ಹೇಳುತ್ತವೆ. ಬಾಲವೈಧವ್ಯ, ಹೆಣ್ಣಿನ ಪರಾಧೀನತೆ, ಇಬ್ಬರ ತಪ್ಪಿಗೆ ಒಬ್ಬಳನ್ನೇ ದಂಡಿಸುವ ಸಮಾಜದ ನ್ಯಾಯ, ಇವೇ ಅವರ ಕಥಾವಸ್ತು. ‘ವಾಣಿಯ ಸಮಸ್ಯೆ’ಯಲ್ಲಿ ದಂಪತಿಗಳ ಮನೆಯ ಪಕ್ಕದಲ್ಲಿ ಎಳೆಯ ವಿಧವೆಯೊಬ್ಬಳು ವಾಸಿಸುತ್ತಾಳೆ, ನೆರೆಯ ಸ್ನೇಹದಿಂದ ಹುಟ್ಟಿದ ಅವಳ ಮನಸ್ಸಿನ ತುಮುಲವನ್ನು ಲೇಖಕಿಯು ಎಲ್ಲಿಯೂ ದೂಷಿಸದೆ, ದನಿಯೇರಿಸದೆ ಚಿತ್ರಿಸಿದ್ದಾರೆ. ನಕ್ಕು ಆಡುವ ಹೆಣ್ಣಿಗೆ ಈ ಕಣ್ಣೀರು ಎಲ್ಲಿಂದ ಬಂದಿತೆಂದು ಕೇಳಬಹುದು. ನಮಗೆ ತೋರುವುದಿಷ್ಟು: ತನಗೆ ದೊರೆತ ಆಟ, ಓದು, ಗೆಳೆತನಗಳು ತನ್ನ ಸುತ್ತಣ ಎಷ್ಟೋ ಹೆಣ್ಣುಮಕ್ಕಳಿಗೆ ದೊರೆಯಲಿಲ್ಲವೆಂಬುದನ್ನು ಅವರು ಕಂಡಿದ್ದರು. ಸ್ವಾತಂತ್ರ್ಯದ ರುಚಿಯನ್ನರಿತವರಿಗೆ ಸೆರೆಯ ಕಷ್ಟವು ಚೆನ್ನಾಗಿ ಕಾಣುತ್ತದೆ.

ಮುಂದಿನ ಮಾತನ್ನು ನಾವು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಯಾವ ನೀರಿನಲ್ಲಿ ಗೌರಮ್ಮನವರು ನಲಿದಾಡುತ್ತಿದ್ದರೋ ಆ ನೀರೇ ಅವರನ್ನು ಸೆಳೆದುಕೊಂಡಿತು. ಇದನ್ನು ಕೇಳಿದ ಕೂಡಲೇ, “ಹೆಣ್ಣುಮಕ್ಕಳಿಗೆ ಈಜೇತಕ್ಕೆ, ಆಟವೇತಕ್ಕೆ?” ಎಂದು ನೀತಿಯನ್ನು ಹೇಳಲು ಹೊರಡುವ ಮನಸ್ಸು ಇರುವುದುಂಟು. ಗಂಡಸೊಬ್ಬ ಹೊಳೆಯಲ್ಲಿ ಮುಳುಗಿದರೆ ಅವನ ಈಜನ್ನು ಯಾರೂ ನಿಂದಿಸುವುದಿಲ್ಲ, ವಿಧಿಯನ್ನು ನಿಂದಿಸುತ್ತಾರೆ. ಹೆಣ್ಣಿನ ವಿಷಯದಲ್ಲಿ ಮಾತ್ರ ಅವಳ ಸಂತೋಷವೇ ತಪ್ಪಾಗಿಬಿಡುತ್ತದೆ. ‘ಅಪರಾಧಿ ಯಾರು’ ಎಂದು ಕೇಳಿದ ಲೇಖಕಿಯ ಸ್ಮರಣೆಗೆ ಇಂಥ ತೀರ್ಪು ತಕ್ಕುದಲ್ಲ. ಕಡೆಯ ಒಂದು ಗಳಿಗೆಯಿಂದ ಇಪ್ಪತ್ತೇಳು ವರ್ಷಗಳನ್ನು ಅಳೆಯಬಾರದು. ಆ ಹೊಳೆಯು ಎಷ್ಟೋ ದಿನ ಅವರಿಗೆ ಹರ್ಷವನ್ನಿತ್ತಿತೆಂಬುದೂ ಅವರ ಚರಿತ್ರೆಯ ಭಾಗವೇ.

ಅವರ ಗೆಳೆಯರು ಹಾಗೆಯೇ ನೆನೆದರು. ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವಿತೆಯನ್ನು ಬರೆದರು. ಕುಲಕರ್ಣಿಯವರು ‘ನಾ ಕಂಡ ಗೌರಮ್ಮ’ ಎಂದು ತಮ್ಮ ನೆನಪುಗಳನ್ನು ಬರೆದಿಟ್ಟರು. ಕಥೆಗಳು ಸಂಕಲನಗಳಾಗಿ ಗ್ರಂಥರೂಪ ತಾಳಿದುದೂ ಅವರ ಕಾಲಾನಂತರವೇ. ಬದುಕಿರುವಾಗ ಅವರು ಕಥೆಗಳಿಗೆ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಸಹಿ ಹಾಕುತ್ತಿದ್ದರು. ಪತಿಯ ಹೆಸರಿನ ಮರೆಯಲ್ಲಿ ನಿಂತು ಬರೆದರು. ಓದುಗರು ಅವರಿಗೆ ಅವರ ಸ್ವಂತ ಹೆಸರನ್ನೇ ಹಿಂದಿರುಗಿಸಿ, ಅದರ ಮುಂದೆ ಅವರ ನಾಡಿನ ಹೆಸರನ್ನಿಟ್ಟು, ‘ಕೊಡಗಿನ ಗೌರಮ್ಮ’ ಎಂದು ಕರೆದರು. 2023ರಲ್ಲಿ ಅವರ ಕಥೆಗಳು ಇಂಗ್ಲಿಷಿನಲ್ಲಿ ಪ್ರಕಟವಾದವು. ಅನುವಾದಿಸಿದವರು ಮಡಿಕೇರಿಯವರೇ ಆದ ದೀಪಾ ಭಾಸ್ತಿಯವರು. ಬಾನು ಮುಷ್ತಾಕರ ಕಥೆಗಳ ಅನುವಾದಕ್ಕಾಗಿ 2025ರಲ್ಲಿ ಬಾನುರವರೊಡನೆ ಅಂತಾರಾಷ್ಟ್ರೀಯ ಬೂಕರ್ ಬಹುಮಾನವನ್ನು ಪಡೆದವರು. ಹೀಗೆ ತೀರಿಕೊಂಡ ಎಂಬತ್ತನಾಲ್ಕು ವರ್ಷಗಳ ಮೇಲೆ, ತವರೂರಿನ ಹೆಣ್ಣುಮಗಳೇ ಗೌರಮ್ಮನವರಿಗೆ ಹೊಸ ಗೆಳತಿಯಾಗಿ ಒದಗಿದರು.

ಸ್ನೇಹವು ಚಿರವೆಂದು ನಾವು ಸುಲಭವಾಗಿ ಹೇಳುತ್ತೇವೆ. ಅದನ್ನು ಚಿರವಾಗಿಸುವುದಕ್ಕೆ ಯಾರಾದರೂ ಕೆಲಸ ಮಾಡಬೇಕು. ಬಂದ ಓಲೆಯನ್ನು ಹರಿದೊಗೆಯದೆ ಪೆಟ್ಟಿಗೆಯಲ್ಲಿಡಬೇಕು. ಅಲ್ಲಲ್ಲಿ ಚೆದುರಿದ ಬರೆಹಗಳನ್ನು ಒಟ್ಟುಗೂಡಿಸಬೇಕು. ಕಂಡದ್ದನ್ನು ಕಂಡಂತೆ ಬರೆದಿಡಬೇಕು. ಗೌರಮ್ಮನವರ ಗೆಳೆಯರು ಇದನ್ನು ಮಾಡಿದುದರಿಂದ ಅವರು ನಮಗೆ ಉಳಿದರು. ಹಾಗೆ ಮಾಡುವವರಿಲ್ಲದೆ ಅಳಿದುಹೋದವರು ನಮ್ಮ ಊರೂರಿನಲ್ಲಿ, ನಮ್ಮ ಮನೆಮನೆಗಳಲ್ಲಿ ಎಷ್ಟು ಮಂದಿಯೋ! ಹೂವಿನ ಗಿಡಗಳನ್ನು ಬೆಳೆಸಿದ ಅತ್ತೆ, ಹಟ್ಟಿಯ ದನಕರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜಿ, ಬಾಲ್ಯದ ಗೆಳತಿಗೆ ವರ್ಷ ತಪ್ಪದೆ ಕಾಗದ ಬರೆಯುತ್ತಿದ್ದ ದೊಡ್ಡಮ್ಮ, ಇವರ ವಿಷಯವನ್ನು ನಾವು ಏನೆಂದು ಬರೆದಿಟ್ಟಿದ್ದೇವೆ?

ಶ್ರೋತೃಮಹಾಶಯರೇ, ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕಾಗದದ ಕಟ್ಟೇನಾದರೂ ಇದ್ದರೆ ಅದನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ. ಮನೆಯ ಹಿರಿಯ ಹೆಂಗಸರನ್ನು, ಅಡಿಗೆಯ ವಿಷಯವನ್ನಲ್ಲದೆ, ಅವರ ಆಟಗಳನ್ನೂ ಗೆಳತಿಯರನ್ನೂ ಕುರಿತು ಕೇಳಿರಿ. ಅವರು ಹೇಳುವುದನ್ನು ಮಕ್ಕಳ ಕೈಯಿಂದ ಬರೆಯಿಸಿಡಿರಿ. ಗೌರಮ್ಮನವರಿಗೆ ನಾವು ಸಲ್ಲಿಸಬಹುದಾದ ಸೇವೆ ಇದು.