ಪರೀಷಹ ಜಯ ಮತ್ತು ಶ್ರಾವಕ ಜೀವನ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಬಸದಿಯ ಹೊಸ್ತಿಲು ದಾಟಿ ಒಳಬರುವ ಶ್ರಾವಕನ ಮನಸ್ಸಿನಲ್ಲಿ ಬಹುಮಟ್ಟಿಗೆ ಯಾವುದಾದರೊಂದು ಕಷ್ಟವಿರುತ್ತದೆ. ಮಗಳ ವಿವಾಹ ಕೂಡಿಬಂದಿಲ್ಲ, ಬೆಳೆ ಕೈಗೆ ಹತ್ತಿಲ್ಲ, ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾರೆ. ಕೈಮುಗಿದು ನಿಂತಾಗ ‘ಸ್ವಾಮೀ, ಇದನ್ನು ತಪ್ಪಿಸು’ ಎಂಬ ಮಾತು ತಾನಾಗಿಯೇ ಹೊರಡುತ್ತದೆ. ಆದರೆ ಎದುರಿಗಿರುವುದು ವೀತರಾಗನ ಬಿಂಬ. ಆತ ಒಲಿದು ಕೊಡುವವನಲ್ಲ, ಮುನಿದು ಕಸಿಯುವವನೂ ಅಲ್ಲ. ಹಿಂದೆ ಕಟ್ಟಿಕೊಂಡ ಕರ್ಮವು ಉದಯಕ್ಕೆ ಬಂದಾಗ ಸಮಭಾವದಿಂದ ಸಹಿಸಿದರೆ ನಿರ್ಜರೆ. ಆರ್ತಧ್ಯಾನದಲ್ಲಿ ನರಳಿದರೆ ಹೊಸ ಬಂಧ. ಹೀಗಿರುವಾಗ ಕಷ್ಟದಿಂದ ಮುಖ ತಿರುಗಿಸಿ ಓಡುವುದಕ್ಕೆ ಜಿನಮತದಲ್ಲಿ ಸ್ಥಳವೆಲ್ಲಿದೆ?

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು 22 ಪರೀಷಹಗಳನ್ನು ಹೇಳಿದ್ದಾರೆ. ಅವುಗಳನ್ನು ಸಹಿಸಬೇಕಾದುದು ಎರಡು ಕಾರಣಗಳಿಗಾಗಿ: ಹಿಡಿದ ಮಾರ್ಗದಿಂದ ಜಾರದಿರುವುದು ಮತ್ತು ಕರ್ಮದ ನಿರ್ಜರೆ. ಹಸಿವು, ನೀರಡಿಕೆ, ಚಳಿ, ಸೆಕೆ, ನೊಣ ಸೊಳ್ಳೆಗಳ ಕಡಿತ — ಇವು ಕಷ್ಟಗಳೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೈಗುಳವಾದ ಆಕ್ರೋಶ, ಬೇಕಾದುದು ದೊರೆಯದಿರುವ ಅಲಾಭ, ರೋಗ — ಇವೂ ತಿಳಿಯುತ್ತವೆ. ಆದರೆ ಅದೇ ಪಟ್ಟಿಯಲ್ಲಿ ಸತ್ಕಾರ-ಪುರಸ್ಕಾರವೂ ಇದೆ, ಪ್ರಜ್ಞೆಯೂ ಇದೆ! ಹಾರ ತುರಾಯಿಗಳನ್ನೂ ಸ್ವಂತ ಪಾಂಡಿತ್ಯವನ್ನೂ ಸೊಳ್ಳೆಯ ಕಡಿತದೊಡನೆ ಎಣಿಸಿದ ಆಚಾರ್ಯರ ದೃಷ್ಟಿ ಎಷ್ಟು ಸೂಕ್ಷ್ಮವಾದುದು! ಸಭೆ ಸಮಾರಂಭಗಳಲ್ಲಿ ಈ ಎರಡು ಪರೀಷಹಗಳನ್ನು ಸಂತೋಷದಿಂದ ಬರಮಾಡಿಕೊಳ್ಳುವವರೇ ಹೆಚ್ಚು.

‘ಇವು ಮುನಿಗಳಿಗೆ ಹೇಳಿದ ಮಾತುಗಳು, ಸಂಸಾರಿಗಳಿಗೇನು?’ ಎಂದು ಕೇಳುವವರುಂಟು. ಪ್ರಶ್ನೆ ಅಯುಕ್ತವಲ್ಲ. ಗೃಹಸ್ಥನು ಮಹಾವ್ರತಿಯಲ್ಲ. ಆದರೂ ಅವನಿಗೂ ಒಂದು ಮಾರ್ಗವಿದೆ, ಅದರಿಂದ ಜಾರುವ ಭಯವೂ ಇದೆ. ಇದಕ್ಕೆ ಉತ್ತರವನ್ನು ಕನ್ನಡನಾಡಿನ ಒಬ್ಬ ಶ್ರಾವಿಕೆಯ ಬಾಳಿನಲ್ಲಿಯೇ ಕಾಣಬಹುದು.

ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರೂ ನಾಗದೇವನ ಕೈಹಿಡಿದವರು. ಚಾಲುಕ್ಯ ತೈಲಪನ ಸೇನೆಯಲ್ಲಿ ಹೆಸರಾಗಿದ್ದ ನಾಗದೇವನು ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಪತಿಯೊಡನೆ ಚಿತೆಯೇರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನೊಡನೆ ಬದುಕಿ ಉಳಿದಳು.

ಗುಂಡಮಬ್ಬೆಯನ್ನು ಹಳಿಯುವುದು ಇಲ್ಲಿ ಉಚಿತವಲ್ಲ. ಆ ಕಾಲದ ಲೋಕವು ಅಂಥ ಮರಣವನ್ನು ಕೊಂಡಾಡುತ್ತಿತ್ತು. ಆದರೆ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪುಣ್ಯವೆಂದು ಭಾವಿಸಿ ಬೆಂಕಿಗೆ ಬೀಳುವುದನ್ನು ಲೋಕಮೂಢತೆಯೆಂದು ಎಣಿಸಿದೆ. ಅದೇ ಗ್ರಂಥವು ಸಲ್ಲೇಖನವನ್ನು ವಿಧಿಸಿದೆಯಷ್ಟೆ ಎನ್ನಬಹುದು. ಅದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ದೇಹವನ್ನು ಬಿಡುವ ಕ್ರಮ. ದುಃಖ ತಾಳಲಾರದೆ ಹೊರಟುಹೋಗುವ ದಾರಿಯಲ್ಲ. ಪ್ರತೀಕಾರವಿರುವಲ್ಲಿ ಅದನ್ನು ಮಾಡಲೇಬೇಕು. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿದ ಮತವು ರೋಗಿಯನ್ನು ಸುಮ್ಮನೆ ನರಳೆಂದು ಹೇಳೀತೇ? ಕಷ್ಟವನ್ನು ಎದುರಿಸುವುದೆಂದರೆ ಕಷ್ಟವನ್ನು ಅರಸಿಕೊಂಡು ಹೋಗುವುದಲ್ಲ.

ಚಿತೆಯ ಉರಿ ಒಂದು ಗಳಿಗೆಯದು. ಅತ್ತಿಮಬ್ಬೆ ಆರಿಸಿಕೊಂಡುದು ದಿನದಿನದ ಉರಿಯನ್ನು. ಪತಿಯಿಲ್ಲದ ಮನೆ, ಒಡಹುಟ್ಟಿದವಳಿಲ್ಲದ ಅಂತಃಪುರ, ಸಾಕಿ ಸಲಹಬೇಕಾದ ಮಗ. ಮರುದಿನ ಬೆಳಗ್ಗೆ ಎದ್ದು ಮನೆವಾರ್ತೆ ನೋಡುವವಳನ್ನು ಹೊಗಳುವವರು ಯಾರು? ಆಕೆ ವ್ರತನಿಯಮಗಳಿಂದ ದೇಹವನ್ನು ದಂಡಿಸಿದಳು. ಸಂಪತ್ತನ್ನು ದಾನಕ್ಕೆ ಹರಿಯಬಿಟ್ಟಳು. 1500 ಜಿನಬಿಂಬಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಲಕ್ಕುಂಡಿಯಲ್ಲಿ ಆಕೆ ಎತ್ತಿಸಿದ ಬಸದಿಯ ಶಾಸನ 1007ರದು. ಈ ಎರಡು ತೇದಿಗಳ ನಡುವೆಯೇ 14 ವರ್ಷಗಳಿವೆ. ಅಷ್ಟು ದೀರ್ಘಕಾಲ ಆ ಕೈ ಹಿಂಜರಿಯಲಿಲ್ಲ.

ನದಿಯ ಪ್ರವಾಹ ಆಕೆಗಾಗಿ ತಗ್ಗಿತೆಂಬಂಥ ಪವಾಡಗಳನ್ನು ಜನ ಭಕ್ತಿಯಿಂದ ಹೇಳುತ್ತಾರೆ, ಕೇಳಲು ಇಂಪಾಗಿರುತ್ತದೆ. ಆದರೆ ಪವಾಡದ ಬೆರಗಿನಲ್ಲಿ ಆ 14 ವರ್ಷಗಳು ಮರೆಯಾಗಬಾರದು. ಕಾಲಾಂತರದಲ್ಲಿ ‘ದಾನಚಿಂತಾಮಣಿ’ಯೆಂಬ ಬಿರುದು ಬಂದಿತು, ಕವಿ ಹಾಡಿದನು, ಶಾಸನ ಕೀರ್ತಿಸಿತು. ಸತ್ಕಾರ-ಪುರಸ್ಕಾರವೆಂಬ ಪರೀಷಹವೂ ಹೀಗೆ ಆಕೆಯ ಪಾಲಿಗೆ ಬಂದಿತು. ಅದನ್ನೂ ಆಕೆ ದಾನ ಮಾಡುತ್ತಲೇ ದಾಟಿದಳು.

ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಅತ್ತಿಮಬ್ಬೆ ಅದರ 1000 ಪ್ರತಿಗಳನ್ನು ಮಾಡಿಸಿ ಶಾಸ್ತ್ರದಾನ ಮಾಡಿದಳು. ಅಚ್ಚುಕೂಟವಿಲ್ಲದ ಕಾಲವದು. ಓಲೆಗರಿಗಳನ್ನು ಹದಗೊಳಿಸಿ, ಅಳತೆಗೆ ಕತ್ತರಿಸಿ, ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆದು, ಮಸಿ ತೀಡಿ, ಕಟ್ಟು ಕಟ್ಟಬೇಕು. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು, ಹೀಗೆ ಸಾವಿರ. ಪೊನ್ನನ ಆ ಕಾವ್ಯ ಇಂದಿಗೂ ಓದಲು ದೊರೆಯುತ್ತಿದೆ.