ಮಂಗನ ಕಾಯಿಲೆ: ಮೊದಲ ಸುದ್ದಿ ರೈತನದು
(ಮಲೆನಾಡಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕಾಡಿನಲ್ಲಿ ಒಂದು ಮಂಗ ಸತ್ತರೆ ನಮಗೇನು ಎಂದು ನೀವು ಕೇಳಬಹುದು. ಮಲೆನಾಡಿನವರಾದ ನಮಗೆ ಅದು ಊರ ಬಾಗಿಲಿಗೆ ಬಂದ ಎಚ್ಚರಿಕೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಮೇಲೊಂದು ಸತ್ತವು. ಸುತ್ತಲ ಹಳ್ಳಿಗಳ ಜನರೂ ಕಡು ಜ್ವರದಿಂದ ಮಲಗಿದರು. ಹಳದಿ ಜ್ವರವಿರಬಹುದೇ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಿಗಳನ್ನೂ ಮಂಗಗಳನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿ, ಇದು ಹೊಸ ರೋಗವೆಂದು ಕಂಡುಕೊಂಡರು. ವೈದ್ಯರು, ಕೀಟತಜ್ಞರು, ಪ್ರಾಣಿತಜ್ಞರು ಕೂಡಿ ದುಡಿದುದರಿಂದಲೇ ಅದರ ಗುಟ್ಟು ತಿಳಿಯಿತು.

ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಹರಡದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಲ. ಸೌದೆಗೆ, ಸೊಪ್ಪಿಗೆ, ತರಗೆಲೆಗೆ ನಾವು ಕಾಡಿಗೆ ಹೋಗುವ ಕಾಲವೂ ಅದೇ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಅಲ್ಲಿನ ನೆಲದಲ್ಲಿ ಹರಡುತ್ತವೆ.

ಆದುದರಿಂದ ಸತ್ತ ಮಂಗವನ್ನು ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಅಂದೇ ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಅರಣ್ಯ ರಕ್ಷಕರಿಗೋ ತಿಳಿಸಿ. ಆಗ ಪಶುವೈದ್ಯರು ಶವವನ್ನು ಪರೀಕ್ಷಿಸಿ ಮಾದರಿ ಕಳಿಸುತ್ತಾರೆ. ಅನಂತರ ಶವವನ್ನು ಸುಡಲಾಗುತ್ತದೆ. ಆ ಜಾಗದ ಸುತ್ತ 50 ಮೀಟರಿನವರೆಗೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಜ್ವರದವರನ್ನು ಹುಡುಕುತ್ತಾರೆ. ಇಷ್ಟು ಜನರ ಕೆಲಸವೂ ನಿಮ್ಮ ಒಂದು ಮಾತಿನಿಂದ ಮೊದಲಾಗುತ್ತದೆ. ನೀವು ಸುಮ್ಮನಿದ್ದರೆ ಪುಣೆಯ ಪಂಡಿತರಿಗಾಗಲಿ ಪಟ್ಟಣದ ವೈದ್ಯರಿಗಾಗಲಿ ಸುದ್ದಿ ಮುಟ್ಟುವ ಬಗೆಯೇ ಇಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಸುಗ್ಗಿಗೆ ಮುಂಚೆಯೇ ಗ್ರಾಮಸಭೆ ಸೇರಿಸಿ ಮೂರು ವಿಷಯ ತೀರ್ಮಾನಿಸಿ: ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕು, ರಾತ್ರಿ ಜ್ವರ ಏರಿದರೆ ಯಾರ ವಾಹನ ದೊರೆಯುತ್ತದೆ, ಮೈಗೆ ಹಚ್ಚುವ ಡೆಪಾ ತೈಲ ಎಷ್ಟು ಬೇಕು. ಕಾಡಿಗೆ ಹೋಗುವಾಗ ತೈಲ ಹಚ್ಚಿ, ಮೈ ತುಂಬ ಬಟ್ಟೆ ಧರಿಸಿ. ಹಿಂದಿರುಗಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಲು ಹಾಕಿ. ದನಕರುಗಳಿಗೆ ಉಣುಗಿನ ಔಷಧಿಯನ್ನು ಪಶುವೈದ್ಯರಿಂದ ಹಾಕಿಸಿ.

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆ ಚುಚ್ಚುಮದ್ದನ್ನು ನೆಚ್ಚಿ ಕೂರಬೇಡಿ. ಒಮ್ಮೆಲೇ ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಮೂಗು, ವಸಡಿನಿಂದ ರಕ್ತ ಬರುವವರೆಗೆ ಕಾಯುವುದು ಪ್ರಾಣಕ್ಕೇ ಅಪಾಯ.

ಪೈರಿಗೆ ಹುಳು ಬಿದ್ದರೆ ಮೊದಲು ಕಾಣುವ ಕಣ್ಣು ರೈತನದು. ಊರಿಗೆ ರೋಗ ಬಂದಾಗಲೂ ಆ ಕಣ್ಣೇ ನಮ್ಮ ಮೊದಲ ಕಾವಲು.